ನಾಲ್ಕು ಸೆಕೆಂಡು

ಅರ್ವೈಖೇರಿನ ಪಶು ಔಷಧದ ಡಿಪೋದಲ್ಲಿ
ಲಸಿಕೆಯ ಫ್ರಿಜ್ಜಿನ ಹಿಂದೆ, ಕಲ್ಲಿದ್ದಲ ಮೂಟೆಗಳ ಪಕ್ಕ
ಸ್ವಿಚ್ಚು ಸಿಕ್ಕಿತು, ಧೂಳು ಹೊದ್ದು ಮಲಗಿತ್ತು.
ಹದಿನಾರು ಪೋರ್ಟು, ಜೀವ ಇದ್ದದ್ದು ಹನ್ನೊಂದಕ್ಕೆ.
ಒಂದಕ್ಕೆ ಯಾರೋ ಉಣ್ಣೆಯ ದಾರ ಕಟ್ಟಿದ್ದರು,
ಯಾಕೆಂದು ಯಾರಿಗೂ ನೆನಪಿಲ್ಲ.
ನಾನೂ ಬಿಚ್ಚಲಿಲ್ಲ.

ಮಾಲೀಕ ಬದಮ್‌ದೋರ್ಜ್ ಕೇಳಿದ್ದು ಇಷ್ಟೇ:
ತಾಮ್ರದ ತಂತಿ ವಸಂತಕ್ಕೆ ಬಂದ್ ಅಂತೆ,
ಫೋನೆಲ್ಲ ಇಂಟರ್ನೆಟ್ಟಿಗೆ ಹತ್ತಿಸು, ಎಷ್ಟು ದಿನ?
ಒಂಬತ್ತು ಅಂದೆ. ಫೋನು ಇಡಲು ಒಂದು,
ದಾರಿ ಸರಿಮಾಡಲು ಎಂಟು.

ಮೊದಲು ಅಳೆದೆ.
ಗೋದಾಮಿನ ನಾಲ್ಕು ಕ್ಯಾಮೆರಾ
ಯಾರೂ ಕದಿಯದ ಉಪ್ಪಿನ ಇಟ್ಟಿಗೆಗಳನ್ನು
ರೆಪ್ಪೆ ಮಿಟುಕಿಸದೆ ನೋಡುತ್ತವೆ,
ನೋಡಿದ್ದನ್ನೆಲ್ಲ ಉಲಾನ್‌ಬಾತರಿಗೆ ಹೊರಿಸುತ್ತವೆ.
ಲೆಕ್ಕದ ಪುಸ್ತಕಗಳ ನಕಲು ಮಧ್ಯಾಹ್ನ ಮೂರಕ್ಕೆ ಹೊರಡುತ್ತದೆ,
ಅವಸರವಿಲ್ಲ ಅದಕ್ಕೆ, ಮೈ ಮಾತ್ರ ದೊಡ್ಡದು,
ಬಾಗಿಲಲ್ಲಿ ಸಿಕ್ಕಿಕೊಂಡ ಒಂಟೆ.
ಅದರ ಹಿಂದೆ ನಿಂತ ದನಿ
ಮುಟ್ಟುವ ಹೊತ್ತಿಗೆ ದನಿಯಾಗಿ ಉಳಿದಿರುವುದಿಲ್ಲ.

ಕಾಗದ ತಡವಾಗಿ ಬಂದರೂ ಕಾಗದವೇ.
ಮಾತು ಅರ್ಧ ಸೆಕೆಂಡು ತಡವಾದರೂ
ಇಬ್ಬರೂ ಒಟ್ಟಿಗೆ ಹಲೋ ಅನ್ನುತ್ತಾರೆ,
ಇಬ್ಬರೂ ಒಟ್ಟಿಗೆ ಸುಮ್ಮನಾಗುತ್ತಾರೆ,
ನೀನು ಹೇಳು, ಇಲ್ಲ, ನೀನು ಹೇಳು.

ದನಿಗೊಂದು ಬೇರೆ ಓಣಿ ತೆಗೆದೆ.
ಪ್ರತಿ ಪೊಟ್ಟಣದ ಹಣೆಗೂ ಗುರುತು ಹಚ್ಚಿದೆ:
ಇದು ಬಂದರೆ ಉಳಿದವರು ಪಕ್ಕಕ್ಕೆ.
ಕರೆಂಟು ಹೋದರೆ ಹೊಸ ಫೋನುಗಳು ಕಲ್ಲು;
ಅದಕ್ಕೊಂದು ಬ್ಯಾಟರಿ, ಬ್ಯಾಟರಿಗೆ ಚಳಿಯಾಗದಂತೆ
ತ್ಸೆರೆನ್‌ದುಲಾಮಕ್ಕನ ಹಳೆಯ ಕಂಬಳಿಚೂರು.

ಮೂವತ್ತೊಂದು ವರ್ಷದಿಂದ ಅದೇ ಮೇಜು ಆಕೆಗೆ.
ಆರನೆಯ ದಿನ ಪರೀಕ್ಷೆಯ ಕರೆ, ದಕ್ಷಿಣದಿಂದ,
ಕುರಿಗಾಹಿ ಲುವ್ಸನ್‌ದಗ್ವ.
ಸ್ವಲ್ಪ ಹೊತ್ತು ಕೇಳಿ ಫೋನು ನನ್ನತ್ತ ಚಾಚಿದರು:
ಆತ ಅಲ್ಲಿಲ್ಲ.
ಇದ್ದಾನೆ ಅಕ್ಕ, ಸುಮ್ಮನಿದ್ದಾನೆ.
ಇದು ಅವನ ಸುಮ್ಮನಲ್ಲ, ಅಂದರು.

ಹೌದು. ನಾನೇ ಹಾಕಿದ್ದೆ ಆ ಸೌಕರ್ಯ.
ಮಾತಿನಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ,
ಖಾಲಿಗೇಕೆ ಬಾಡಿಗೆ ಕಟ್ಟುವುದು?
ಯಂತ್ರ ಅದನ್ನು ಅಲ್ಲೇ ಕತ್ತರಿಸಿ ಬಿಡುತ್ತದೆ,
ಕೇಳುವವರ ಕಿವಿಗೆ ತಾನೇ ಹೆಣೆದ
ಸಣ್ಣ ಗುಸುಗುಸು ತುಂಬುತ್ತದೆ,
ಲೈನು ಸತ್ತಿಲ್ಲವೆಂಬ ಸಮಾಧಾನಕ್ಕೆ.

ಅಕ್ಕ ಒಲೆಗೆ ಕಲ್ಲಿದ್ದಲು ಹಾಕುತ್ತ ಹೇಳಿದರು:
ಜುದ್ ಬಂದ ವರ್ಷ, ಹಿಮದ ಮೇಲೆ ಮಂಜುಗಡ್ಡೆ ಕೂತು
ಹುಲ್ಲಿಗೆ ಕುರಿಯ ಮೂತಿ ಎಟುಕದ ವರ್ಷ,
ಎಷ್ಟು ಸತ್ತವು ಅಂತ ನಾನು ಕೇಳುತ್ತೇನೆ.
ಯಾವ ಗಂಡಸೂ ಸಂಖ್ಯೆ ಹೇಳುವುದಿಲ್ಲ.
ಆಗ ಅವನ ಒಲೆ ಕೇಳುತ್ತದೆ. ನಾಯಿ.
ಕುರಿ ಕೆಮ್ಮುವುದು, ಗಾಳಿ ಡೇರೆಯ ಉಣ್ಣೆಗೆ ಒರಗುವುದು.
ಎರಡು ಸೆಕೆಂಡಾದರೆ ಔಷಧ ಸಾಕು.
ನಾಲ್ಕಾದರೆ, ದುಡ್ಡಿನ ಮಾತೆತ್ತದೆ ಗಾಡಿ ಕಳಿಸುತ್ತೇನೆ.

ರಾತ್ರಿಯೇ ಆ ಗುಂಡಿ ಆರಿಸಿದೆ.
ಈಗ ಪ್ರತಿ ಕರೆಗೂ ಇಮ್ಮಡಿ ಜಾಗ ಬೇಕು.
ಎಲ್ಲಿಂದ ತರಲಿ?
ಬೆಳಿಗ್ಗೆ ಬದಮ್‌ದೋರ್ಜನ ಮುಂದೆ ನಿಂತೆ:
ನಕಲು ನಡುರಾತ್ರಿ ಹೋಗಲಿ, ಕ್ಯಾಮೆರಾ ಮಬ್ಬಾಗಲಿ.
ಕಳ್ಳ ಬಂದರೆ?
ಉಪ್ಪು ಅಣ್ಣ, ಅದು ಉಪ್ಪು.
ಗೊಣಗಿದ. ಸಹಿ ಹಾಕಿದ.

ಒಂಬತ್ತನೆಯ ದಿನ ಚೀಲ ಕಟ್ಟುವಾಗ ಕರೆ ಬಂತು.
ಅಕ್ಕ ಕೇಳಿದರು, ಎಷ್ಟು?
ನನ್ನ ಪರದೆಯ ಮೇಲೆ ಸೆಕೆಂಡಿಗೆ ಐವತ್ತರಂತೆ
ಪೊಟ್ಟಣಗಳು ಬಂದವು, ಒಂದರ ಹಿಂದೊಂದು,
ಇನ್ನೂರು ಬಂದವು, ಒಂದೂ ಕಳೆಯಲಿಲ್ಲ,
ಒಂದರಲ್ಲೂ ಮಾತಿರಲಿಲ್ಲ.

ಅಕ್ಕ ಕೈಯಿಂದ ಫೋನಿನ ಬಾಯಿ ಮುಚ್ಚಿ
ಅಂಗಳದತ್ತ ಡ್ರೈವರನ ಹೆಸರು ಕೂಗಿದರು.